ಸುಟ್ಟ ಹಲಗೆಯ ಲೆಕ್ಕ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಬಂದಿದ್ದ ಮೊಮ್ಮಗಳಿಗೆ ಪುಸ್ತಕದ ಕಪಾಟು ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಅಟ್ಟದ ಮೇಲೆ ಹಳೆಯ ಹಲಸಿನ ಹಲಗೆಗಳಿದ್ದವು. ಎಂಟಡಿ ಉದ್ದ, ಹತ್ತಿಂಚು ಅಗಲ. ಕೊಯ್ಯಲು ನನ್ನ ಹತ್ತಿರ ದುಂಡು ಬ್ಲೇಡಿನ ಕರೆಂಟು ಗರಗಸವೂ ಇತ್ತು. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರು ಬರೆದವನಿಗೆ ಮರಗೆಲಸ ನಿವೃತ್ತಿಯ ನಂತರ ಹತ್ತಿದ ಹುಚ್ಚು.

ಹಲಗೆಯ ಎರಡು ತುದಿಗಳನ್ನು ಎರಡು ಸ್ಟೂಲುಗಳ ಮೇಲಿಟ್ಟು ನಡುಮಧ್ಯಕ್ಕೆ ಕೊಯ್ದೆ. ಮೊಮ್ಮಗಳು ಹಲಗೆ ಜರುಗದಂತೆ ಒಂದು ತುದಿ ಒತ್ತಿ ಹಿಡಿದಿದ್ದಳು. ಹಲಗೆ ಎರಡಾಯಿತು. ಆದರೆ ಕೊಯ್ದ ಅಂಚಿನ ಕೊನೆಯ ನಾಲ್ಕಿಂಚು ಡಿಕಾಕ್ಷನ್ ಚೆಲ್ಲಿದ ಹಾಗೆ ಕಪ್ಪಗಾಗಿತ್ತು. ಶೆಡ್ಡಿನ ತುಂಬ ಸುಟ್ಟ ವಾಸನೆ.

“ನೀನು ಅಲ್ಲಾಡಿಸಿದೆ ನೋಡು” ಎಂದೆ. ಅವಳು ಮಾತಾಡಲಿಲ್ಲ.

ಎರಡನೆಯ ಹಲಗೆಯೂ ಹಾಗೇ ಆಯಿತು. ಬ್ಲೇಡು ಮೊಂಡಾಗಿದೆ ಎಂದುಕೊಂಡು ಪೇಟೆಗೆ ಹೋಗಿ ಹೊಸದು ತಂದೆ. ಮೂರನೆಯ ಹಲಗೆ ಅರ್ಧ ದಾಟುತ್ತಿದ್ದಂತೆ ಯಂತ್ರದ ದನಿ ಗೊಗ್ಗರಾಯಿತು, ಮತ್ತೆ ಕಪ್ಪು ಹತ್ತಿತು. ನಾನು ಜೋರಾಗಿ ಮುಂದಕ್ಕೆ ದೂಡಿದೆ. ಗರಗಸ ಒಮ್ಮೆಲೇ ಹಲಗೆಯಿಂದ ಮೇಲೆದ್ದು ನನ್ನ ಕಡೆಗೇ ನೆಗೆಯಿತು. ಸ್ವಿಚ್ಚಿನಿಂದ ಬೆರಳು ಜಾರಿದ್ದರಿಂದ ಅದು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅರ್ಧ ಗಂಟೆ ನನ್ನ ಕೈ ನಡುಗುತ್ತಲೇ ಇತ್ತು.

ಮಕ್ಕಳೇ, ಆ ಬ್ಲೇಡಿನ ವೇಗ ಎಷ್ಟೆಂದು ನೀವೇ ಲೆಕ್ಕ ಹಾಕಿ. ಬ್ಲೇಡಿನ ವ್ಯಾಸ 7 ಇಂಚು. ಅದನ್ನು 22/7ರಿಂದ ಗುಣಿಸಿದರೆ ಸುತ್ತಳತೆ 22 ಇಂಚು. ಇಂಥ ಯಂತ್ರ ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಅಂದರೆ ಅದರ ಹಲ್ಲು ನಿಮಿಷಕ್ಕೆ 1,10,000 ಇಂಚು, ಗಂಟೆಗೆ ಸುಮಾರು 168 ಕಿಲೋಮೀಟರು ಓಡುತ್ತದೆ. ಆ ವೇಗದಲ್ಲಿ ಹಲ್ಲು ಮರವನ್ನು ಕತ್ತರಿಸಬೇಕು. ಕತ್ತರಿಸದೆ ಬರೀ ಉಜ್ಜಿದರೆ ಬಿಸಿಯೇರಿ ಮರ ಸುಡುತ್ತದೆ. ಕಪ್ಪು ಗುರುತು ಅಂದರೆ ಇಷ್ಟೇ: ಎಲ್ಲೋ ಬ್ಲೇಡು ಕೊಯ್ಯುವುದು ಬಿಟ್ಟು ಉಜ್ಜುತ್ತಿದೆ.

ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ಮೆಲ್ಲಗೆ ಕೇಳಿದಳು, “ಅಜ್ಜಾ, ನಾನು ಹಿಡಿದದ್ದು ತಪ್ಪಾಗಿತ್ತಾ?”

ತುತ್ತು ಗಂಟಲಲ್ಲಿ ನಿಂತಿತು. ಹಳೆಯದೊಂದು ನೆನಪಾಯಿತು. ಕೈಬರಹದ ಲೆಡ್ಜರುಗಳ ಕಾಲದಲ್ಲಿ ಒಂದು ಸಂಜೆ ನಮ್ಮ ಶಾಖೆಯ ಲೆಕ್ಕ 90 ರೂಪಾಯಿ ತಾಳೆಯಾಗಲಿಲ್ಲ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗನ ಮೇಲೆ ನಾನು ರೇಗಿದೆ. ರಾತ್ರಿ ಎಂಟರವರೆಗೆ ಅವನು ಪುಟ ತಿರುವುತ್ತ ಕೂತಿದ್ದ. ಹಿರಿಯ ಸಹೋದ್ಯೋಗಿಯೊಬ್ಬರು ಬಂದು, “ವ್ಯತ್ಯಾಸ ಒಂಬತ್ತರಿಂದ ಭಾಗವಾಗುತ್ತದಲ್ಲ? ಎಲ್ಲೋ ಅಂಕಿ ಅದಲುಬದಲಾಗಿರಬೇಕು” ಎಂದರು. ಹುಡುಕಿದರೆ 540 ಬರೆಯುವ ಕಡೆ 450 ಎಂದಿತ್ತು. ಅಕ್ಷರ ನನ್ನದೇ. ಆ ಹುಡುಗನ ಬಳಿ “ತಪ್ಪಾಯಿತಪ್ಪಾ” ಎನ್ನಲು ಅಂದು ನನಗೆ ಬಾಯಿ ಬರಲಿಲ್ಲ.

ಬೆಳಗಾಗುತ್ತಲೇ ಯಂತ್ರದ ಪ್ಲಗ್ ಕಿತ್ತಿಟ್ಟು, ಸುಟ್ಟ ತುಂಡುಗಳನ್ನೆಲ್ಲ ಅಂಗಳದಲ್ಲಿ ಸಾಲಾಗಿ ಜೋಡಿಸಿ ಅಜ್ಜ ಮೊಮ್ಮಗಳು ಇಬ್ಬರೂ ಕೂತೆವು. ವ್ಯತ್ಯಾಸದ ಅಂಕಿ ತಪ್ಪಿನ ದಾರಿ ತೋರಿಸುವ ಹಾಗೆ, ಕಪ್ಪು ಎಲ್ಲಿದೆ ಎಂಬುದೇ ಕಾರಣ ಹೇಳುತ್ತದೆ.

ಕೊಯ್ದ ಉದ್ದಕ್ಕೂ ಎರಡೂ ಅಂಚು ಕಪ್ಪಾಗಿದ್ದರೆ ಬ್ಲೇಡು ಮೊಂಡಾಗಿದೆ, ಇಲ್ಲವೇ ಹಲ್ಲಿಗೆ ಮರದ ಅಂಟು ಮೆತ್ತಿದೆ. ಒಂದೇ ಅಂಚು ಕಪ್ಪಾಗಿದ್ದರೆ ಬ್ಲೇಡು ಓರೆಯಾಗಿ ಸಾಗಿದೆ. ನಾವು ನಡುವೆ ಯಂತ್ರ ತಿರುಚಿರಬಹುದು, ಅಥವಾ ಗುರುತಿಗೆ ಕಟ್ಟಿದ ಪಟ್ಟಿ ಬ್ಲೇಡಿಗೆ ಸಮಾನಾಂತರವಾಗಿಲ್ಲದಿರಬಹುದು. ಒಂದೇ ಕಡೆ ಬಿಲ್ಲಿನಾಕಾರದ ಕಲೆ ಇದ್ದರೆ ಅಲ್ಲಿ ನಾವು ತಡೆದು ನಿಂತಿದ್ದೇವೆ. ನಿಧಾನ ಮಾಡಿದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿ ನಡೆಯದು. ದೂಡುವ ಗತಿ ಒಂದೇ ಸಮ ಇರಬೇಕು. ಮರದ ಎಳೆಯ ಉದ್ದಕ್ಕೆ ಸೀಳುವಾಗ 60 ಹಲ್ಲಿನ ಬ್ಲೇಡು ಹಾಕಿದರೂ ಸುಡುತ್ತದೆ, ಪುಡಿ ಹೊರಬರಲು ಜಾಗ ಸಾಲದು. ಅದಕ್ಕೆ 24 ಹಲ್ಲಿನದು ಸರಿ. ಎಳೆಗೆ ಅಡ್ಡವಾಗಿ ನುಣ್ಣಗೆ ಕೊಯ್ಯಲು 40 ಅಥವಾ 60 ಹಲ್ಲು.

“ಅಜ್ಜಾ, ನಮ್ಮದರಲ್ಲಿ ಶುರುವಿನಲ್ಲಿ ಇಲ್ಲ, ಕೊನೆಗೆ ಹೋದ ಹಾಗೆ ಜಾಸ್ತಿ” ಎಂದಳು ಮೊಮ್ಮಗಳು.

ಆಗ ಹೊಳೆಯಿತು. ಎರಡು ತುದಿಗೆ ಆಸರೆ ಇದೆ, ನಡುವೆ ಏನೂ ಇಲ್ಲ. ಕೊಯ್ಯುತ್ತ ಹೋದಂತೆ ಉಳಿದ ಮರಕ್ಕೆ ಬಲ ಸಾಲದೆ ಹಲಗೆ ನಡುವೆ ಜೋತುಬೀಳುತ್ತದೆ. ಕೊಯ್ದ ಸಂದಿನ ಬಾಯಿ ಮುಚ್ಚಿಕೊಂಡು ಬ್ಲೇಡನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಮೊದಲು ಸುಡುತ್ತದೆ, ಮೀರಿ ದೂಡಿದರೆ ಯಂತ್ರ ಹಿಂದಕ್ಕೆ ನೆಗೆಯುತ್ತದೆ. ಮೊದಲ ಹಲಗೆಯೇ ಎಚ್ಚರಿಕೆ ಕೊಟ್ಟಿತ್ತು. ನಾನು ಅದನ್ನು ಓದದೆ ಮಗುವನ್ನು ಬೈದಿದ್ದೆ.

“ತಪ್ಪು ನಿನ್ನದಲ್ಲ ಪುಟ್ಟಿ, ನನ್ನದು. ತಪ್ಪಾಯಿತು” ಎಂದೆ. ಈ ಸಲ ಬಾಯಿ ಬಂತು.

ಆಮೇಲೆ ನೆಲದ ಮೇಲೆ ನಾಲ್ಕು ರೀಪರ್ ಪಟ್ಟಿಗಳನ್ನಿಟ್ಟು ಅವುಗಳ ಮೇಲೆ ಹಲಗೆ ಮಲಗಿಸಿದೆ. ಕೊಯ್ಯುವ ಗೆರೆಯ ಈಚೆ ಎರಡು, ಆಚೆ ಎರಡು. ಹೀಗಾದರೆ ಎರಡೂ ತುಂಡುಗಳಿಗೆ ತಮ್ಮದೇ ಆಸರೆ ಇರುತ್ತದೆ, ಸಂದು ಮುಚ್ಚುವುದಿಲ್ಲ. ಬ್ಲೇಡು ಹಲಗೆಯ ಕೆಳಗೆ ಕಾಲಿಂಚಷ್ಟೇ ಇಣುಕುವಂತೆ ಆಳ ಹೊಂದಿಸಿದೆ. ಹಲಗೆ ಹಿಡಿಯಲು ಕ್ಲ್ಯಾಂಪ್ ಹಾಕಿದೆ. ಮೊಮ್ಮಗಳನ್ನು ಶೆಡ್ಡಿನಿಂದ ಹೊರಗೆ ನಿಲ್ಲಿಸಿದೆ. ಮೊದಲ ದಿನವೇ ಅವಳು ಅಲ್ಲಿರಬೇಕಿತ್ತು. ಕೊಯ್ದ ಅಂಚು ಬೆಣ್ಣೆ ಬಣ್ಣಕ್ಕೆ ಬಂತು, ಒಂದು ಚೂರೂ ಕಪ್ಪಿಲ್ಲ.

ಹಳೆಯ ಬ್ಲೇಡನ್ನು ಬಿಚ್ಚಿ, ಪಾತ್ರೆ ತೊಳೆಯುವ ಸೋಪು ಬೆರೆಸಿದ ಬಿಸಿನೀರಿನಲ್ಲಿ ಕಾಲು ಗಂಟೆ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒರೆಸಿ, ತೆಳ್ಳಗೆ ಎಣ್ಣೆ ಸವರಿದೆ. ಚೆನ್ನಾಗಿಯೇ ಕೊಯ್ಯುತ್ತಿದೆ. ಹೊಸದಕ್ಕೆ ಕೊಟ್ಟ ದುಡ್ಡು ನನ್ನ ದುಡುಕಿನ ಬಡ್ಡಿ. ಸುಟ್ಟ ಅಂಚುಗಳನ್ನು ಕೂದಲೆಳೆಯಷ್ಟು ಕೀಸಿ, ಸ್ಯಾಂಡ್‌ಪೇಪರ್ ಹೊಡೆದೆವು. ಆ ಕೆಲಸ ಅವಳದೇ.

ಮನೆಯಲ್ಲಿ ಇಂಥ ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. ಮರ ಸುಟ್ಟರೆ ಜೋರಾಗಿ ದೂಡಬೇಡಿ. ಸ್ವಿಚ್ ಬಿಡಿ, ಬ್ಲೇಡು ಪೂರ್ತಿ ನಿಲ್ಲಲಿ, ಪ್ಲಗ್ ಕೀಳಿ, ಗುರುತು ನೋಡಿ. ಪಕ್ಕದಲ್ಲಿ ನಿಂತವರನ್ನು ಬೈಯುವುದು ಕೊನೆಗಿರಲಿ. ಅಷ್ಟರಲ್ಲಿ ಅದರ ಅಗತ್ಯವೇ ಇರುವುದಿಲ್ಲ.