ಗೋಡೆ ಬಿಟ್ಟು ಬಾರದ ಚಿತ್ರಗಳು

ವಾಸದ ಮನೆಯೊಂದು ವಸ್ತುಸಂಗ್ರಹಾಲಯವಾಗುವುದು ಸಾಮಾನ್ಯವಾಗಿ ಎರಡು ಕಾರಣಗಳಿಂದ: ಅಲ್ಲಿ ಬಾಳಿದವರ ನೆನಪನ್ನು ಕಾಪಾಡಲು, ಇಲ್ಲವೇ ಅವರು ಕೂಡಿಸಿಟ್ಟ ಕಲಾವಸ್ತುಗಳನ್ನು ಜನರಿಗೆ ತೋರಿಸಲು. ಮೊದಲ ಬಗೆಯದನ್ನು ನೋಡಲು ಚಿಂತಾಮಣಿಯವರು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆ ಅವರ ಪದಕ, ಪುರಸ್ಕಾರ ಮತ್ತು ಬಳಕೆಯ ವಸ್ತುಗಳೊಂದಿಗೆ ಸ್ಮಾರಕವಾಗಿ ನಿಂತಿದೆ. ಎರಡನೆಯ ಬಗೆಗೆ ಕನ್ನಡನಾಡಿನಲ್ಲಿ ಮೈಸೂರಿನ ಜಗನ್ಮೋಹನ ಅರಮನೆಗಿಂತ ಹಿರಿದಾದ ಉದಾಹರಣೆ ಸಿಗುವುದು ಕಷ್ಟ. ಇವೆರಡನ್ನೂ ಬೆಸೆಯುವ ಎಳೆಯೊಂದು ಇತಿಹಾಸದಲ್ಲೇ ಇದೆ: 1915ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಅರಮನೆಯನ್ನು ಚಿತ್ರಶಾಲೆಯಾಗಿ ತೆರೆದಾಗ ಸಂಸ್ಥಾನದ ದಿವಾನರಾಗಿದ್ದವರು ಇದೇ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು.

ಜಗನ್ಮೋಹನ ಅರಮನೆಯನ್ನು 1861ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು. ಮೂವತ್ತು ವರ್ಷ ಮೊದಲೇ, ಅಂದರೆ 1831ರಲ್ಲಿ, ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ಕಿತ್ತುಕೊಂಡು ಕಮಿಷನರುಗಳಿಗೆ ವಹಿಸಿದ್ದರು; ಸಿಂಹಾಸನವಿದ್ದೂ ರಾಜ್ಯಭಾರವಿಲ್ಲದ ದೊರೆ ತನ್ನ ಉಳಿದ ಶಕ್ತಿಯನ್ನೆಲ್ಲ ಸಾಹಿತ್ಯ, ಚಿತ್ರ, ಸಂಗೀತ ಮತ್ತು ಚದುರಂಗದಂಥ ಆಟಗಳಿಗೆ ಧಾರೆಯೆರೆದ ಕಾಲವದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಮನೆತನ ಬಂದು ನೆಲೆಸಿದ್ದು ಇಲ್ಲಿಯೇ; 1902ರಲ್ಲಿ ವೈಸ್‌ರಾಯ್ ಕರ್ಜನ್ ಎದುರಿನಲ್ಲಿ ನಾಲ್ವಡಿಯವರಿಗೆ ಅಧಿಕಾರ ಹಸ್ತಾಂತರವಾದದ್ದೂ ಇಲ್ಲಿಯೇ. ಹೊಸ ಅರಮನೆ ಮುಗಿದು ಮನೆ ತೆರವಾದ ಮೇಲೆ ಅದನ್ನು ಬೀಗ ಹಾಕಿ ಬಿಡದೆ, ಮನೆತನದ ಸಂಗ್ರಹವನ್ನು ಅಲ್ಲಿ ತಂದಿರಿಸಿ ಜನರಿಗೆ ಬಾಗಿಲು ತೆರೆದದ್ದು ಆ ಕಾಲಕ್ಕೆ ಸಣ್ಣ ನಿರ್ಧಾರವೇನಲ್ಲ. 1955ರಲ್ಲಿ ಇದಕ್ಕೆ ಶ್ರೀ ಜಯಚಾಮರಾಜೇಂದ್ರ ಚಿತ್ರಶಾಲೆ ಎಂಬ ಹೆಸರು ಬಂದಿತು.

ಇಲ್ಲಿಗೆ ಬರುವವರಲ್ಲಿ ಬಹುಪಾಲು ಜನ ಹುಡುಕುವುದು ಎಸ್.ಎಲ್. ಹಲ್ದಂಕರ್ ಅವರ ಒಂದೇ ಒಂದು ಚಿತ್ರವನ್ನು: ಅಂಗೈ ಮರೆಯಲ್ಲಿ ದೀಪ ಹಿಡಿದು ನಿಂತ ಹೆಂಗಸು, ಬೆರಳ ಸಂದಿನಿಂದ ಸೋರಿ ಮುಖಕ್ಕೆ ಹತ್ತಿದ ಬೆಳಕು. ರವಿವರ್ಮರದೆಂದು ಅನೇಕರು ತಪ್ಪಾಗಿ ನಂಬಿರುವ ಈ ಕೃತಿ ತೈಲವರ್ಣದ್ದಲ್ಲ, ಜಲವರ್ಣದ್ದು. ಒಮ್ಮೆ ಹರಡಿದ ಬಣ್ಣವನ್ನು ಅಳಿಸಿ ತಿದ್ದುವುದು ಬಹಳ ಕಷ್ಟವಾದ ಆ ಮಾಧ್ಯಮದಲ್ಲಿ ಜ್ವಾಲೆಯನ್ನೇ ತೋರಿಸದೆ ಬೆಳಕನ್ನು ತೋರಿಸಿರುವುದರಿಂದ ಅದರ ಕೀರ್ತಿ ನ್ಯಾಯವಾದದ್ದೇ. ರವಿವರ್ಮರು ಅರಮನೆಗಾಗಿ ಬರೆದ ಪುರಾಣದ ಚಿತ್ರಗಳೂ ಇಲ್ಲಿವೆ. ಆದರೂ ಇವೆಲ್ಲ ಮೊಳೆಗೆ ತೂಗುಹಾಕಿದ ಚಿತ್ರಗಳು. ನಾಳೆ ಬೆಂಗಳೂರಿನ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಒಯ್ದು ಇರಿಸಿದರೂ ಅವುಗಳ ಅಂದಕ್ಕೆ ಕುಂದು ಬಾರದು.

ಒಯ್ಯಲಾಗದ್ದು ಇದೇ ಜಗನ್ಮೋಹನ ಅರಮನೆಯೊಳಗಿನ ರಂಗಮಹಲಿನ ಭಿತ್ತಿಚಿತ್ರಗಳು, ಎಂದರೆ ಗೋಡೆಯ ಗಾರೆಯ ಮೇಲೆಯೇ ಬರೆದ ಚಿತ್ರಗಳು. ದಸರಾ ಮೆರವಣಿಗೆ, ಒಡೆಯರ ವಂಶಾವಳಿ ಇವು ಅಲ್ಲಿನ ವಸ್ತುಗಳು. ಅವುಗಳಲ್ಲಿ ವಂಶವನ್ನು ಅರಳಿದ ತಾವರೆಯಾಗಿ ಕಲ್ಪಿಸಿ, ದೊರೆಯನ್ನು ನಡುವೆ ಕೂರಿಸಿ, ಸಂತತಿಯನ್ನು ಸುತ್ತಲಿನ ದಳಗಳಲ್ಲಿ ತುಂಬಿದ ‘ಸಂತಾನಾಂಬುಜ’ ಎಂಬ ಬಗೆಯೂ ಇದೆ. ಸಂತಾನವೆಂಬ ಅಂಬುಜ, ಅಂದರೆ ಕಮಲ, ಎಂಬುದು ಆ ಹೆಸರಿನ ಅರ್ಥ. ಹೊರನೋಟಕ್ಕೆ ಇದು ಅಲಂಕಾರದಂತೆ ಕಂಡರೂ, ಔರಸ ಪುತ್ರನಿಲ್ಲದ ಮುಮ್ಮಡಿಯವರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡದ್ದು ಮತ್ತು ಆ ದತ್ತಕಕ್ಕೆ ಬ್ರಿಟಿಷರ ಒಪ್ಪಿಗೆ 1867ರವರೆಗೂ ದೊರೆಯದೇ ಹೋದದ್ದು ನೆನಪಾದರೆ, ತಾವರೆಯ ಒಂದೊಂದು ದಳವೂ ಹಕ್ಕುಪತ್ರದ ಒಂದೊಂದು ಸಾಲಿನಂತೆ ಓದಿಸಿಕೊಳ್ಳುತ್ತದೆ. ಕಾಗದದ ಮೇಲೆ ಒಪ್ಪಿಗೆಯಿಲ್ಲದ್ದನ್ನು ಅರಸ ತನ್ನ ಮನೆಯ ಗೋಡೆಗೆ ಬರೆಸಿಕೊಂಡನೆಂದು ಭಾವಿಸುವುದು ಅತಿರೇಕವಾಗಲಾರದು. ಈ ಅರ್ಥ ಹೊಳೆಯುವುದು ಆ ಮನೆಯೊಳಗೆ ನಿಂತಾಗ ಮಾತ್ರ. ಅದಕ್ಕೇ ಇಂಥ ಕಟ್ಟಡದಲ್ಲಿ ಮನೆಯೇ ಮೊದಲ ಪ್ರದರ್ಶನವಸ್ತು, ಸಂಗ್ರಹ ಆಮೇಲಿನದು.

ಚಿಂತಾಮಣಿ, ಶಿಡ್ಲಘಟ್ಟ ಕಡೆಯಿಂದ ಹೊರಡುವ ಶಾಲಾ ಪ್ರವಾಸದ ಬಸ್ಸುಗಳು ಮೃಗಾಲಯ, ದೊಡ್ಡ ಅರಮನೆ, ಕನ್ನಂಬಾಡಿಗಳನ್ನು ಒಂದೇ ದಿನದಲ್ಲಿ ಮುಗಿಸುವ ಅವಸರದಲ್ಲಿ ಜಗನ್ಮೋಹನಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಕೊಡುತ್ತವೆ, ಆ ಅರ್ಧ ಗಂಟೆಯೂ ದೀಪದ ಚಿತ್ರದ ಮುಂದಿನ ಸಾಲಿನಲ್ಲೇ ಕಳೆದುಹೋಗುತ್ತದೆ. ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳು ಈ ಸಲ ರಂಗಮಹಲಿಗೆ ಮೊದಲು ಹೋಗಲಿ. ಹಲ್ದಂಕರ್ ಅವರ ದೀಪವನ್ನು ಆಮೇಲೆ ನೋಡಿದರಾಯಿತು.