ಹಿರಿಯರ ಲೀಗು, ಹೆಣ್ಣುಮಕ್ಕಳ ಆಟ

ಹೆಣ್ಣುಮಕ್ಕಳು ಮೈದಾನಕ್ಕಿಳಿದು ಆಡಬೇಕೇ ಬೇಡವೇ ಎಂಬ ಪ್ರಶ್ನೆ ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ದೊಡ್ಡದಾಗಿತ್ತು. ಈಗ ಅದರ ಬಿರುಸು ತಗ್ಗಿದೆ. ಅದರ ಸ್ಥಾನದಲ್ಲಿ ಮತ್ತೊಂದು ಪ್ರಶ್ನೆ ಬಂದು ಕುಳಿತಿದೆ. ಮಗಳು ಆಡಲಿ, ಆದರೆ ಎಲ್ಲಿ, ಯಾರ ತಂಡದಲ್ಲಿ, ಯಾವ ಲೀಗ್‌ನಲ್ಲಿ? ಬದುಕನ್ನು ಅರಸಿ ಕೊಳ್ಳೇಗಾಲ, ಹನೂರು, ಯಳಂದೂರು ಭಾಗದಿಂದ ಬೆಂಗಳೂರು ಮೈಸೂರುಗಳಿಗೆ ಹೋಗಿ ನೆಲೆಸಿದ ಕುಟುಂಬಗಳು ಕ್ರಿಸ್ತಜಯಂತಿಗೋ ಊರಿನ ಹಬ್ಬಕ್ಕೋ ಬಂದಾಗ ಈ ಮಾತು ಏಳುತ್ತದೆ. ವಿದೇಶದಲ್ಲಿರುವ ಬಂಧುಗಳಂತೂ ಇದನ್ನೇ ದೊಡ್ಡ ಚಿಂತೆಯಾಗಿ ಹೇಳಿಕೊಳ್ಳುತ್ತಾರೆ. ಅಜ್ಜೀಪುರದಂಥ ಊರಿನಲ್ಲಿ ಚುರುಕಾಗಿ ಓಡುವ ಮಗಳನ್ನು ಹೆತ್ತವರಿಗೆ ಈ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ: ಇವಳನ್ನು ನಗರಕ್ಕೆ ಕಳುಹಿಸದಿದ್ದರೆ ಇವಳ ದಾರಿ ಮುಚ್ಚಿಹೋಗುತ್ತದೆಯೇ? ಈ ಆತಂಕ ನಿಜವಾದದ್ದು; ಆದ್ದರಿಂದ ಇದನ್ನು ನಿಧಾನವಾಗಿ ವಿಚಾರ ಮಾಡುವುದು ಉಚಿತ.

ಲೀಗ್‌ಗಳ ಪೈಪೋಟಿ ಹೆತ್ತವರನ್ನು ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. ಅಲ್ಲಿ 2009ರಲ್ಲಿ ಬಾಲಕಿಯರ ಕಾಲ್ಚೆಂಡಾಟಕ್ಕೆಂದು ಕ್ಲಬ್ಬುಗಳೇ ಸೇರಿ ‘ಎಲೀಟ್ ಕ್ಲಬ್ಸ್ ನ್ಯಾಷನಲ್ ಲೀಗ್’ ಎಂಬ ಶ್ರೇಷ್ಠ ದರ್ಜೆಯ ಲೀಗನ್ನು ಕಟ್ಟಿಕೊಂಡವು. 2017ರಲ್ಲಿ ಆ ದೇಶದ ಫುಟ್‌ಬಾಲ್ ಒಕ್ಕೂಟವು ತನ್ನದೇ ಆದ ‘ಗರ್ಲ್ಸ್ ಡೆವಲಪ್‌ಮೆಂಟ್ ಅಕಾಡೆಮಿ’ಯನ್ನು ಆರಂಭಿಸಿತು. ಇವೆರಡರ ನಡುವಣ ಮುಖ್ಯ ವ್ಯತ್ಯಾಸವೊಂದು ಮನೆಮನೆಯ ಜಗಳಕ್ಕೆ ಕಾರಣವಾಯಿತು. ಹೊಸ ಅಕಾಡೆಮಿಗೆ ಸೇರಿದ ಹುಡುಗಿಗೆ ತನ್ನ ಶಾಲೆಯ ತಂಡದಲ್ಲಿ ಆಡಲು ಸಾಮಾನ್ಯವಾಗಿ ಅವಕಾಶವಿರಲಿಲ್ಲ. ಹಳೆಯ ಲೀಗ್‌ನಲ್ಲಿ ಆ ನಿರ್ಬಂಧವಿರಲಿಲ್ಲ. ಶಾಲೆಯ ಗೆಳತಿಯರೊಡನೆ ಆಡುವುದೋ, ರಾಷ್ಟ್ರೀಯ ತಂಡದ ಆಯ್ಕೆದಾರರ ಕಣ್ಣಿಗೆ ಬೀಳುವುದೋ ಎಂಬ ಇಕ್ಕಟ್ಟನ್ನು ಹದಿಮೂರು ಹದಿನಾಲ್ಕರ ಮಕ್ಕಳ ಮುಂದೆ ಇಡಲಾಯಿತು. ಕ್ಲಬ್ಬುಗಳು ಅತ್ತಿಂದಿತ್ತ ಹಾರಿದವು; ಕೆಲವು ಹೋಗಿ ಮತ್ತೆ ಹಿಂದಿರುಗಿದವು.

ಮೂರು ವರ್ಷ ತುಂಬುವ ಮೊದಲೇ, 2020ರ ಏಪ್ರಿಲ್‌ನಲ್ಲಿ, ಕೋವಿಡ್ ಸಂಕಷ್ಟದ ನಡುವೆ ಹಣಕಾಸಿನ ಕಾರಣವನ್ನು ಮುಂದಿಟ್ಟು ಒಕ್ಕೂಟವು ಆ ಅಕಾಡೆಮಿಯನ್ನು ಮುಚ್ಚಿಬಿಟ್ಟಿತು. ಅಲ್ಲಿದ್ದ ಕ್ಲಬ್ಬುಗಳಲ್ಲಿ ಕೆಲವು ಹಳೆಯ ಲೀಗ್‌ಗೆ ಸೇರಿದವು, ಉಳಿದ ಹಲವು ಅದೇ ವರ್ಷ ‘ಗರ್ಲ್ಸ್ ಅಕಾಡೆಮಿ’ ಎಂಬ ಮತ್ತೊಂದು ಲೀಗನ್ನು ಹುಟ್ಟುಹಾಕಿದವು. ಹೀಗೆ ಪೈಪೋಟಿ ಮುಗಿಯಲಿಲ್ಲ, ಹೆಸರು ಮಾತ್ರ ಬದಲಾಯಿತು. ಅದು ಶಾಶ್ವತವೆಂದು ನಂಬಿ ಶಾಲೆಯ ತಂಡವನ್ನು ಬಿಟ್ಟುಕೊಟ್ಟ ಹುಡುಗಿಗೆ ಆ ವರ್ಷಗಳನ್ನು ಯಾರೂ ಮರಳಿ ಕೊಡಲಾರರು.

ಇದಕ್ಕೆ ಒಂದು ಪ್ರತಿವಾದವುಂಟು. 2022ರ ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲೇ ನಡೆದ ಹದಿನೇಳು ವರ್ಷದೊಳಗಿನ ಬಾಲಕಿಯರ ವಿಶ್ವಕಪ್‌ನಲ್ಲಿ ಅಮೆರಿಕ ನಮ್ಮ ತಂಡವನ್ನು 8-0 ಗೋಲುಗಳಿಂದ ಸೋಲಿಸಿತು. ಮೊರಾಕೊ 3-0, ಬ್ರೆಜಿಲ್ 5-0 ಅಂತರದಿಂದ ಗೆದ್ದವು. ಎಂಟು ಗೋಲು ಹೊಡೆದವರ ಪದ್ಧತಿಯನ್ನು ಒಂದೂ ಗೋಲು ಹೊಡೆಯದ ನಾವು ಟೀಕಿಸಬಹುದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಮೆರಿಕದ ಮಹಿಳೆಯರು 1991ರಲ್ಲಿ ಮತ್ತು 1999ರಲ್ಲಿ ವಿಶ್ವಕಪ್ ಗೆದ್ದಾಗ ಈ ಶ್ರೇಷ್ಠ ಲೀಗ್‌ಗಳಾವುವೂ ಹುಟ್ಟಿರಲಿಲ್ಲ ಎಂಬುದನ್ನು ಮರೆಯಬಾರದು. ಅವರ ಬಲದ ಬೇರು ಇರುವುದು 1972ರಲ್ಲಿ ಜಾರಿಗೆ ಬಂದ ಒಂದು ಕಾನೂನಿನಲ್ಲಿ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಗಂಡು ಹೆಣ್ಣೆಂಬ ಭೇದ ಮಾಡಬಾರದೆಂದು ಆ ಕಾನೂನು ವಿಧಿಸಿತು. ಅದರ ಫಲವಾಗಿ ಶಾಲೆ ಕಾಲೇಜುಗಳ ಮೈದಾನಗಳು ಹೆಣ್ಣುಮಕ್ಕಳಿಗೆ ತೆರೆದವು, ವಿದ್ಯಾರ್ಥಿವೇತನಗಳು ದೊರೆತವು. ಲಕ್ಷಾಂತರ ಹುಡುಗಿಯರು ಆಡಿದರು. ಅವರಲ್ಲಿ ಕೆಲವರು ಎತ್ತರಕ್ಕೆ ಏರಿದರು. ತಳಪಾಯ ಅಗಲವಾಗಿದ್ದುದರಿಂದ ಗೋಪುರ ನಿಂತಿತು. ನಾವು ಗೋಪುರದ ಬಣ್ಣವನ್ನು ನೋಡಿ ತಳಪಾಯವನ್ನು ಮರೆಯುತ್ತಿದ್ದೇವೆ.

ಹಿರಿಯರ ಮೇಲಾಟದಿಂದ ಮಕ್ಕಳಿಗೆ ನಷ್ಟವಾಗುವುದನ್ನು ನೋಡಲು ನಾವು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲಿ 2007ರಿಂದ ಐ-ಲೀಗ್ ನಡೆಯುತ್ತಿದ್ದಾಗ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಬಂದಿತು. ಯಾವುದು ಮೇಲು ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. 2022ರ ಆಗಸ್ಟ್‌ನಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ ಆಡಳಿತದಲ್ಲಿ ಹೊರಗಿನವರ ಹಸ್ತಕ್ಷೇಪವಾಗಿದೆಯೆಂದು ಫಿಫಾ ಸಂಸ್ಥೆಯು ಭಾರತವನ್ನು ಅಮಾನತಿನಲ್ಲಿಟ್ಟಿತು. ಹತ್ತು ಹನ್ನೊಂದು ದಿನಗಳಲ್ಲಿ ಅಮಾನತು ತೆರವಾಯಿತು ನಿಜ. ಆದರೆ ಏಷ್ಯಾದ ಮಹಿಳಾ ಕ್ಲಬ್ ಪಂದ್ಯಾವಳಿಗೆಂದು ತಾಷ್ಕೆಂಟ್‌ವರೆಗೆ ಹೋಗಿದ್ದ ಗೋಕುಲಂ ಕೇರಳ ತಂಡದ ಯುವತಿಯರು ಆಡಲಾರದೆ ಹಿಂದಿರುಗಿದರು. ಕಚೇರಿಗಳಲ್ಲಿ ನಡೆದ ಕದನಕ್ಕೆ ದಂಡ ತೆತ್ತವರು ಚೆಂಡನ್ನು ಹಿಡಿದು ಕಾದವರು.

ಹೆತ್ತವರನ್ನು ದೂಷಿಸುವುದು ಈ ಲೇಖನದ ಉದ್ದೇಶವಲ್ಲ. ಮಗಳ ಪ್ರತಿಭೆ ಹಾಳಾಗಬಾರದೆಂಬ ತವಕ, ಕ್ರೀಡಾ ಮೀಸಲಾತಿಯಲ್ಲಿ ಕಾಲೇಜಿನ ಸೀಟೋ ಮುಂದೆ ಒಂದು ಉದ್ಯೋಗವೋ ದೊರೆಯಲೆಂಬ ಆಸೆ ಸಹಜವಾದುವು. ಮೇಲಾಗಿ ಈಗ ಬಾಲಕಿಯರಿಗೆ ದಾರಿಗಳು ನಿಜಕ್ಕೂ ತೆರೆದಿವೆ. 2016-17ರಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಆರಂಭವಾಯಿತು. 2023ರಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಅದರ ಅಂತಿಮ ಪಂದ್ಯದವರೆಗೂ ಹೋಯಿತು. 2025ರ ಜುಲೈ 5ರಂದು ನಮ್ಮ ಮಹಿಳಾ ತಂಡ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ, ಅರ್ಹತಾ ಸುತ್ತನ್ನು ದಾಟಿ ಏಷ್ಯಾ ಕಪ್‌ಗೆ ಪ್ರವೇಶ ಪಡೆಯಿತು. ಇಂಥ ಸುದ್ದಿ ಓದಿದ ತಂದೆತಾಯಿಗಳು ಕನಸು ಕಾಣದಿರುತ್ತಾರೆಯೇ? ಕನಸು ಕಾಣಲಿ. ಆದರೆ ಲೀಗ್‌ನ ಹೆಸರನ್ನು ಕೇಳುವ ಮೊದಲು ಕೇಳಬೇಕಾದ ಬೇರೆ ಪ್ರಶ್ನೆಗಳಿವೆ.

ಮೊದಲನೆಯದು ಮಗುವಿನ ದೇಹದ ಪ್ರಶ್ನೆ. ಹದಿನೈದು ಹದಿನಾರು ವರ್ಷದವರೆಗೆ ಮಕ್ಕಳನ್ನು ಒಂದೇ ಆಟಕ್ಕೆ ಕಟ್ಟಿಹಾಕಬಾರದು, ವಾರದಲ್ಲಿ ಒಂದೆರಡು ದಿನ ಹಾಗೂ ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ಬಿಡುವು ಕೊಡಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘವು 2016ರಲ್ಲಿ ಸಲಹೆ ನೀಡಿತು. ಒಂದೇ ಆಟವಾಡುವ ಹುಡುಗರಿಗಿಂತ ಹುಡುಗಿಯರಲ್ಲಿ ಮೊಣಕಾಲಿನ ಮುಖ್ಯ ಅಸ್ಥಿರಜ್ಜು ಹರಿಯುವ ಅಪಾಯ ಎರಡು ಪಟ್ಟಿಗೂ ಹೆಚ್ಚು. ರೇಷ್ಮೆ ಸಾಕಿದ ನಮ್ಮ ಸೀಮೆಯವರಿಗೆ ಈ ಮಾತು ಬೇಗ ಅರ್ಥವಾದೀತು. ಹುಳು ನಾಲ್ಕು ಜ್ವರ ದಾಟಬೇಕು. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕುವವರಿಲ್ಲ, ಅದನ್ನು ಕದಲಿಸುವವರೂ ಇಲ್ಲ. ಆ ಬಿಡುವಿನಲ್ಲೇ ಅದು ಬೆಳೆಯುತ್ತದೆ. ಅವಸರ ಮಾಡಿದವನಿಗೆ ಗೂಡು ದಕ್ಕುವುದಿಲ್ಲ. ಹುಳುವಿನ ವಿಷಯದಲ್ಲಿ ಇಷ್ಟು ತಾಳ್ಮೆ ತೋರುವ ನಾವು ಮಕ್ಕಳ ವಿಷಯದಲ್ಲಿ ಏಕೆ ತೋರಬಾರದು?

ಎರಡನೆಯದು, ಆಯ್ಕೆಯ ನ್ಯಾಯ. ವಯೋಮಿತಿಯ ತಂಡಗಳಲ್ಲಿ ವರ್ಷದ ಆರಂಭದ ತಿಂಗಳುಗಳಲ್ಲಿ ಹುಟ್ಟಿದ ಮಕ್ಕಳೇ ಹೆಚ್ಚಾಗಿ ಆಯ್ಕೆಯಾಗುತ್ತಾರೆಂಬುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ಜನವರಿಯಲ್ಲಿ ಹುಟ್ಟಿದವಳು ಡಿಸೆಂಬರ್‌ನಲ್ಲಿ ಹುಟ್ಟಿದವಳಿಗಿಂತ ಹನ್ನೊಂದು ತಿಂಗಳು ದೊಡ್ಡವಳು. ಹನ್ನೆರಡರ ಪ್ರಾಯದಲ್ಲಿ ಆ ಅಂತರ ಎತ್ತರದಲ್ಲೂ ಬಲದಲ್ಲೂ ಕಾಣುತ್ತದೆ. ಹಾಗಾಗಿ ಆ ವಯಸ್ಸಿನಲ್ಲಿ ‘ಶ್ರೇಷ್ಠ’ ಎಂದು ಆರಿಸುವುದು ಹಲವು ಬಾರಿ ‘ಹಿರಿಯಳು’ ಎಂದು ಆರಿಸಿದಂತೆ. ಬಿಟ್ಟುಹೋದ ಮಗುವಿಗೆ ತನ್ನಲ್ಲೇ ಕೊರತೆಯಿದೆಯೆಂದು ಅನ್ನಿಸುತ್ತದೆ. ಆ ನೋವಿಗೆ ಯಾವ ಲೀಗ್‌ನಲ್ಲೂ ಲೆಕ್ಕವಿಲ್ಲ.

ಮೂರನೆಯದು ಎಲ್ಲಕ್ಕಿಂತ ಗಂಭೀರವಾದುದು. ಮಗಳೊಡನೆ ಪ್ರಯಾಣ ಮಾಡುವವರು ಯಾರು? 2022ರಲ್ಲಿ ವಿಶ್ವಕಪ್‌ಗೆ ಸಿದ್ಧವಾಗುತ್ತಿದ್ದ ನಮ್ಮ ಬಾಲಕಿಯರ ತಂಡ ಯೂರೋಪ್ ಪ್ರವಾಸದಲ್ಲಿದ್ದಾಗ ಸಹಾಯಕ ತರಬೇತುದಾರರೊಬ್ಬರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಬಂದು ಅವರನ್ನು ವಜಾ ಮಾಡಬೇಕಾಯಿತು. ಅದು ದೇಶದ ಅತ್ಯುನ್ನತ ತಂಡವಾಗಿತ್ತು ಎಂಬುದನ್ನು ಗಮನಿಸಬೇಕು. ಮೇಲಿನ ದರ್ಜೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದಲ್ಲ. ತಂಡದೊಡನೆ ಜವಾಬ್ದಾರಿಯುತ ಮಹಿಳೆಯೊಬ್ಬರು ಇರುತ್ತಾರೆಯೇ, ತಂಗುವ ವ್ಯವಸ್ಥೆ ಹೇಗೆ, ದೂರು ಬಂದರೆ ಕೇಳುವವರು ಯಾರು ಎಂಬುದನ್ನು ಹೆತ್ತವರು ಸಂಕೋಚವಿಲ್ಲದೆ ವಿಚಾರಿಸಬೇಕು. ಉತ್ತರ ಕೊಡಲು ಹಿಂಜರಿಯುವ ಸಂಸ್ಥೆಗೆ, ಅದರ ಲೀಗ್ ಎಷ್ಟೇ ದೊಡ್ಡದಿರಲಿ, ಮಗಳನ್ನು ಒಪ್ಪಿಸಬಾರದು.

ಹಾಗಾದರೆ ಅಜ್ಜೀಪುರದ ಹುಡುಗಿಗೆ ದಾರಿಯೇನು? ಹಣವಂತರ ಅಕಾಡೆಮಿಯೊಂದೇ ಬಾಗಿಲಲ್ಲ. 2022ರ ವಿಶ್ವಕಪ್‌ನಲ್ಲಿ ಭಾರತದ ನಾಯಕಿಯಾಗಿದ್ದ ಅಷ್ಟಮ್ ಒರಾನ್ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಹಳ್ಳಿಯವರು. ಆಕೆಯ ಗೌರವಾರ್ಥ ಊರಿಗೆ ರಸ್ತೆ ಹಾಕಿದಾಗ ಆಕೆಯ ತಂದೆತಾಯಿಗಳೇ ಅದರಲ್ಲಿ ದಿನಗೂಲಿಗೆ ದುಡಿದ ಸುದ್ದಿಯನ್ನು ದೇಶವೇ ಓದಿತು. ಶಾಲೆಗಳ ನಡುವಣ ಸುಬ್ರತೋ ಕಪ್‌ನಲ್ಲಿ 2012ರಿಂದ ಬಾಲಕಿಯರಿಗೂ ಸ್ಥಾನವಿದೆ. ರಾಜ್ಯದ ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತಿದೆ. ಪ್ರತಿಭೆಯುಳ್ಳವಳು ಹದಿನಾಲ್ಕು ಹದಿನೈದು ದಾಟಿದ ಮೇಲೆ ಮುಂದಕ್ಕೆ ಹೋಗಬೇಕಾದೀತು, ಆಗ ಅವಳನ್ನು ತಡೆಯುವುದು ತಪ್ಪು. ಆದರೆ ಹತ್ತು ವರ್ಷದವಳನ್ನು ಕಿತ್ತು ನಗರಕ್ಕೆ ನೆಡುವ ಅಗತ್ಯವಿಲ್ಲ.

ನಮ್ಮಲ್ಲಿ ನಿಜವಾದ ಕೊರತೆ ಇರುವುದು ಬೇರೆ ಕಡೆ. ಶಾಲಾ ಕ್ರೀಡಾಕೂಟಗಳು ಸೋತವರು ಹೊರನಡೆಯುವ ಪದ್ಧತಿಯವು. ತಾಲ್ಲೂಕು ಮಟ್ಟದಲ್ಲಿ ಮೊದಲ ಪಂದ್ಯ ಸೋತ ತಂಡದ ಹುಡುಗಿಯರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಲೀಗ್ ಎಂಬ ಪದ್ಧತಿಯ ಪ್ರಯೋಜನ ಇಲ್ಲಿಯೇ ಇದೆ, ಏಕೆಂದರೆ ಅದರಲ್ಲಿ ಸೋತವರಿಗೂ ಮುಂದಿನ ವಾರ ಪಂದ್ಯವಿರುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ನಮ್ಮ ಧರ್ಮಕೇಂದ್ರಗಳ ಶಾಲೆಗಳೂ ಸರ್ಕಾರಿ ಶಾಲೆಗಳೂ ಸೇರಿ ಎಂಟು ತಂಡಗಳಾದರೆ ಪ್ರತಿ ತಂಡಕ್ಕೆ ಏಳು ಪಂದ್ಯ, ಒಟ್ಟು ಇಪ್ಪತ್ತೆಂಟು ಪಂದ್ಯ. ಶನಿವಾರದ ಮಧ್ಯಾಹ್ನಗಳಲ್ಲಿ, ಬಸ್ಸಿನಲ್ಲಿ ಹೋಗಿ ಕತ್ತಲಾಗುವ ಮುನ್ನ ಮನೆ ಸೇರುವಷ್ಟು ದೂರದಲ್ಲಿ, ಇದನ್ನು ನಡೆಸಬಹುದು. ಹನ್ನೊಂದು ಮಂದಿ ಸಿಗದಿದ್ದರೆ ಏಳು ಮಂದಿಯ ತಂಡ ಸಾಕು. ಗಾಯ ತಡೆಯಲೆಂದು ಫಿಫಾ ರೂಪಿಸಿದ ಇಪ್ಪತ್ತು ನಿಮಿಷದ ವ್ಯಾಯಾಮಕ್ರಮ ಕಲಿಯಲು ಕಾಸು ಬೇಕಿಲ್ಲ. ಮತ, ಜಾತಿ, ಮನೆಮಾತುಗಳ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಇದು ತೆರೆದಿರಬೇಕು. ದಯಮಾಡಿ ಇದರಲ್ಲಿಯೂ ಎರಡು ಲೀಗ್ ಮಾಡಿಕೊಳ್ಳದಿರೋಣ.

ಭಾನುವಾರದ ಮಾತನ್ನೂ ಹೇಳಬೇಕು. ನಗರದ ಪಂದ್ಯಗಳು ಭಾನುವಾರ ಬೆಳಿಗ್ಗೆ ಬಿದ್ದಾಗ ಬಲಿಪೂಜೆಯೂ ಧರ್ಮೋಪದೇಶದ ತರಗತಿಯೂ ಕೈತಪ್ಪುತ್ತವೆ. ಇದನ್ನು ಆಟದ ಮೇಲಿನ ದೂರಾಗಿಸುವುದಕ್ಕಿಂತ ಸಂಘಟಕರೊಡನೆ ಮೊದಲೇ ಮಾತನಾಡುವುದು ಲೇಸು. ಕುಟುಂಬಗಳು ಒಟ್ಟಾಗಿ ಕೇಳಿದರೆ ಸಮಯ ಬದಲಿಸಲು ಒಪ್ಪುವವರು ಇದ್ದೇ ಇರುತ್ತಾರೆ. ಧರ್ಮಸಭೆ ಆಟದ ವಿರೋಧಿಯಲ್ಲ. 2018ರ ಜೂನ್ 1ರಂದು ವ್ಯಾಟಿಕನ್ ಕ್ರೀಡೆಯ ಬಗ್ಗೆಯೇ ಒಂದು ದಾಖಲೆಯನ್ನು ಪ್ರಕಟಿಸಿತು. ಮಗು ಗೆದ್ದಿತೆಂದಾಗಲಿ ಚೆನ್ನಾಗಿ ಆಡಿತೆಂದಾಗಲಿ ಅಲ್ಲ, ತಮ್ಮ ಮಗುವೆಂಬ ಕಾರಣಕ್ಕೇ ಅದು ಪ್ರೀತಿಗೆ ಪಾತ್ರವೆಂಬುದನ್ನು ತೋರಿಸುವುದು ಹೆತ್ತವರ ಕರ್ತವ್ಯ ಎಂಬ ಭಾವ ಅದರಲ್ಲಿದೆ.

ಪ್ರಿಯ ಪೋಷಕರೇ, ಮಕ್ಕಳಲ್ಲಿ ಬಹುಪಾಲು ಯಾವ ಲೀಗ್‌ನಲ್ಲಿ ಆಡಿದರೂ ಆಟವನ್ನೇ ವೃತ್ತಿಯಾಗಿ ಮಾಡಿಕೊಳ್ಳುವವರಲ್ಲ. ಅವರು ದಾದಿಯರಾಗುತ್ತಾರೆ, ಶಿಕ್ಷಕಿಯರಾಗುತ್ತಾರೆ, ಅಂಗಡಿ ನಡೆಸುತ್ತಾರೆ, ತಾಯಂದಿರಾಗುತ್ತಾರೆ. ಅವರಿಗೆ ಉಳಿಯುವುದು ಗಟ್ಟಿಯಾದ ದೇಹ, ಸೋಲನ್ನು ನುಂಗಿಕೊಂಡು ಮತ್ತೆ ಏಳುವ ಧೈರ್ಯ, ಜೊತೆಗಾರರ ಮೇಲಿನ ವಿಶ್ವಾಸ. ಇವು ದುಬಾರಿ ಲೀಗ್‌ನಲ್ಲಿ ಮಾತ್ರ ಸಿಗುವ ವಸ್ತುಗಳಲ್ಲ. ಆದ್ದರಿಂದ ಮುಂದಿನ ಬಾರಿ ಲೀಗ್‌ಗಳ ಚರ್ಚೆ ಎದ್ದಾಗ ಒಂದು ಕ್ಷಣ ತಡೆದು, ‘ನಿನಗೇನು ಇಷ್ಟ, ಮಗಳೇ?’ ಎಂದು ಅವಳನ್ನೇ ಕೇಳೋಣ. ಬಳಿಕ ಶಾಲೆಯ ಮುಖ್ಯಸ್ಥರನ್ನೂ ಧರ್ಮಕೇಂದ್ರದ ಗುರುಗಳನ್ನೂ ಕಂಡು, ಶನಿವಾರದ ಮಧ್ಯಾಹ್ನ ಮೈದಾನದ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರುತ್ತದೆಯೇ ಎಂದು ವಿಚಾರಿಸೋಣ.