ಪನ್ನೀರಿಗೆ ಇಷ್ಟು ದೊಡ್ಡ ಪದವಿಯೇ?

ಮೊಡವೆ, ಸುಕ್ಕು, ಒಣಚರ್ಮ, ಕಣ್ಣುರಿ ಎಲ್ಲಕ್ಕೂ ಗುಲಾಬಿ ನೀರೇ ಮದ್ದು ಎಂಬ ಬರಹ ಓದಿದ ಚಿತ್ರದುರ್ಗದವರು ಮೊದಲು ಕೇಳಬೇಕಾದದ್ದು: ಯಾವ ಗುಲಾಬಿ, ಯಾವ ನೀರು?

ಅಸಲಿ ಪನ್ನೀರು ಹುಟ್ಟುವುದು ಭಟ್ಟಿಯಲ್ಲಿ. ಉತ್ತರ ಪ್ರದೇಶದ ಕನೌಜಿನಲ್ಲಿ ಡಮಾಸ್ಕ್ ಗುಲಾಬಿಯ ಎಸಳುಗಳನ್ನು ತಾಮ್ರದ ಹಂಡೆಯಲ್ಲಿ ಕುದಿಸಿ, ಆವಿಯನ್ನು ತಣಿಸಿ ಇಳಿಸುತ್ತಾರೆ. ಹಿರಿಯೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ, ಅಗ್ಗದ ಬಾಟಲಿಯ ಹಿಂಬದಿ ಓದಿದರೆ ನೀರು, ಸುಗಂಧ, ಕೆಡದಂತೆ ಇಡುವ ರಾಸಾಯನಿಕ ಎಂದಷ್ಟೇ ಇರುವುದುಂಟು. ಮದುವೆ ಮನೆಯ ಬಾಗಿಲಲ್ಲಿ ಚಿಮುಕಿಸಲು ಅದು ಧಾರಾಳ ಸಾಕು.

ಗುಲಾಬಿಯ ಸಾರ ಉರಿಯೂತ ತಗ್ಗಿಸುತ್ತದೆಂದು ಪ್ರಯೋಗಾಲಯದ ಅಧ್ಯಯನಗಳು ಹೇಳಿವೆ, ನಿಜ. ಸುಕ್ಕು ಮಾಯವಾಗುತ್ತದೆಂದು ಅದರಿಂದ ಸಾಬೀತಾಗುವುದಿಲ್ಲ.

ಈ ಜಿಲ್ಲೆಯ ಚರ್ಮದ ತೊಂದರೆ ಬೇರೆ: ಬೇಸಿಗೆಯ ಒಣಗಾಳಿ, ಕೊಳವೆಬಾವಿಯ ಗಡಸು ನೀರು. ಪನ್ನೀರು ಸಿಂಪಡಿಸಿದರೆ ಆರುವವರೆಗೆ ತಂಪು, ಆಮೇಲೆ ಮೊದಲಿನಂತೆಯೇ. ತೇವ ಹಿಡಿದಿಡಲು ಜಿಡ್ಡು ಬೇಕು. ಅದು ಹೊಸದುರ್ಗ, ಹೊಳಲ್ಕೆರೆಯ ತೆಂಗಿನ ತೋಟಗಳಲ್ಲೇ ಇದೆ. ಫಿಲಿಪ್ಪೀನ್ಸ್‌ನಲ್ಲಿ ಇಸುಬಿನಿಂದ ಬಳಲುತ್ತಿದ್ದ 117 ಮಕ್ಕಳ ಮೇಲೆ ನಡೆದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಖನಿಜ ತೈಲಕ್ಕಿಂತ ವರ್ಜಿನ್ ಕೊಬ್ಬರಿ ಎಣ್ಣೆಯೇ ಹೆಚ್ಚು ಗುಣ ತೋರಿತು. (ಮೊಡವೆ ಏಳುವ ಮುಖಕ್ಕೆ ಮಾತ್ರ ಅದೂ ಬೇಡ, ರಂಧ್ರ ಕಟ್ಟಿಕೊಳ್ಳುತ್ತದೆ.)

ಕಣ್ಣಿಗೆ ಎರಡು ಹನಿ ಬಿಡಿ ಎಂಬ ಸಲಹೆಯಂತೂ ಅಪಾಯಕಾರಿ. ಮುಖಕ್ಕೆಂದು ಮಾರುವ ಬಾಟಲಿಯನ್ನು ಕಣ್ಣಿನ ಔಷಧದಂತೆ ಕ್ರಿಮಿರಹಿತವಾಗಿ ತುಂಬಿರುವುದಿಲ್ಲ. ಕಣ್ಣು ಕೆಂಪಾದವರು ಹೋಗಬೇಕಾದದ್ದು ಫ್ಯಾನ್ಸಿ ಸ್ಟೋರಿಗಲ್ಲ, ಜಿಲ್ಲಾಸ್ಪತ್ರೆಯ ಕಣ್ಣಿನ ವೈದ್ಯರ ಬಳಿಗೆ.